ಸೀಮೆ ದಾಟದ ಬಂಡಿ

ಎಣ್ಣೆ ಕಾಣದ ಮರದ ಗಾಲಿ ಮಣ್ಣಿನ ಮೇಲೆ ಉರುಳುವಾಗ ಒಂದು ಸದ್ದು ಹೊರಡುತ್ತದೆ. ಕಿರ್ರೆಂದು ಶುರುವಾಗಿ, ನಡುವೆ ಉಸಿರು ಕಟ್ಟಿದಂತೆ ನಿಂತು, ಮತ್ತೆ ಕಿರ್ರೆನ್ನುತ್ತದೆ. ಮೊನ್ನೆ ಕೊಪ್ಪಳದ ಕೋರ್ಟಿನ ಎದುರು ಯಾರದೋ ಕೂಸು ಆಟದ ಬಂಡಿ ಎಳೆದುಕೊಂಡು ಹೋಯಿತು. ಕಕ್ಷಿದಾರನ ಮಾತು ಕೇಳುತ್ತ ನಿಂತಿದ್ದ ನನಗೆ ಆಮೇಲೆ ಅವನ ಒಂದು ಮಾತೂ ಕಿವಿಗೆ ಬೀಳಲಿಲ್ಲ. ಯಾರು ಏನೇ ಹೇಳಿದರೂ ಪುರಾವೆ ಕೇಳುವುದು ನನ್ನ ಕಸುಬು, ಚಟವೂ ಹೌದು. ಆ ಸದ್ದಿನ ಮುಂದೆ ಮಾತ್ರ ನನ್ನ ಕಸುಬು ನಡೆಯುವುದಿಲ್ಲ. ನಿಮ್ಮಲ್ಲೂ ಇಂಥದೊಂದು ಸದ್ದು ಇಟ್ಟುಕೊಂಡವರು ಇದ್ದೀರಿ, ನನಗೆ ಗೊತ್ತು.

ಹನುಮಸಾಗರದ ದಾರಿಯ ಮೇಲಿದ್ದ ನಮ್ಮ ಊರಿನಲ್ಲಿ, ಮಣ್ಣಿನ ಮಾಳಿಗೆಯ ಮನೆಯಲ್ಲಿ, ನಾವು ನಾಲ್ವರಿದ್ದೆವು: ಅಪ್ಪ, ಅವ್ವ, ನಾನು, ನನ್ನ ತಮ್ಮ ಬಸ್ಯಾ. ಅಪ್ಪ ನಿಜಾಮರ ಸರಕಾರದ ಸಾಲೆಯಲ್ಲಿ ಉರ್ದು ಕಲಿಸುತ್ತಿದ್ದ, ಮನೆಯಲ್ಲಿ ಕನ್ನಡದಲ್ಲಿ ವಾದ ಕಲಿಸುತ್ತಿದ್ದ. ಊಟಕ್ಕೆ ಕುಳಿತಾಗ ಏನಾದರೊಂದು ವಿಷಯ ಎತ್ತುವನು. ನಾನು ಒಂದು ಕಡೆ, ತಾನೊಂದು ಕಡೆ. ನನ್ನ ಮಾತಿಗೆ ಕಾವು ಏರಿತು ಅನ್ನುವಾಗ, "ಈಗ ಬಾಜು ಬದಲ್ ಮಾಡು" ಅನ್ನುವನು. ಅಷ್ಟು ಹೊತ್ತು ಕಟ್ಟಿದ್ದನ್ನೆಲ್ಲ ನಾನೇ ಕೆಡವಬೇಕು. ಎದುರಿನವನ ಹೊಟ್ಟೆಯೊಳಗೆ ಹೊಕ್ಕು ಬರದವನ ನ್ಯಾಯ ಅರ್ಧ ನ್ಯಾಯ ಎಂಬುದು ಅವನ ಲೆಕ್ಕ. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಲೇ ತೀರ್ಪು ಕೊಡುತ್ತಿದ್ದಳು. ಸೋತವರು ಕೊಡ ಹೊತ್ತು ಹಳ್ಳದ ವರತೆಯಿಂದ ನೀರು ತರಬೇಕು. ಹೆಚ್ಚಾಗಿ ಅಪ್ಪನೇ ಸೋಲುತ್ತಿದ್ದ. ಮಾಸ್ತರರು ಕೊಡ ಹೊತ್ತು ಹೋಗುವುದನ್ನು ಕಂಡು ಓಣಿಯ ಹೆಂಗಸರು ಸೆರಗಿನಲ್ಲಿ ನಗುತ್ತಿದ್ದರು. ಗೋಡೆಯ ಮಾಡದಲ್ಲಿ ಅವ್ವ ಹಚ್ಚುವ ದೀಪಕ್ಕೆ ಅಪ್ಪ ಕೈ ಮುಗಿದವನಲ್ಲ, ಅದನ್ನು ಹಾಸ್ಯ ಮಾಡಿದವನೂ ಅಲ್ಲ. ಯಾರಾದರೂ ಕೆದಕಿದರೆ ಅವನ ಉತ್ತರ ಒಂದೇ: "ದೇವರು ಇರ್ಲಿ ಬಿಡ್ಲಿ, ಮಗ್ಗಲ ಮನಿಯಾಂವ ಅಂತೂ ಅದಾನ. ಮೊದಲ ಅವನ ಚಿಂತಿ ಮಾಡ್ರಿ."

ಆ ವರ್ಷ ಮುಂಗಾರು ಬೀಳುವ ಮೊದಲು ಪಡುವಣ ಊರುಗಳಲ್ಲಿ ವಾಂತಿಭೇದಿ ಎದ್ದಿತು. ಒಂದು ಮುಂಜಾನೆ ನಮ್ಮ ಸೀಮೆಯಲ್ಲಿ ಗಡಿಯಮ್ಮನ ಬಂಡಿ ನಿಂತಿತ್ತು. ಬೇವಿನ ಕಟ್ಟಿಗೆಯ ಪುಟ್ಟ ಬಂಡಿ, ಅದರಲ್ಲಿ ಮಣ್ಣಿನ ಗೊಂಬೆ, ಹಸಿರು ಬಳೆ, ಮೊಸರನ್ನ, ನೊಗಕ್ಕೆ ಕಟ್ಟಿದ ಕುಪ್ಪಸದ ಕೆಂಪು ಖಣ. ಬ್ಯಾನಿ ಬಿದ್ದ ಊರಿನವರು ದೇವಿಯನ್ನು ಹೀಗೆ ಕೂಡಿಸಿ ಮುಂದಿನ ಊರಿನ ಸೀಮೆಗೆ ತಂದು ಬಿಡುವರು. ಅವಳೊಂದಿಗೆ ಬ್ಯಾನಿಯೂ ಹೊರಟುಹೋಗುತ್ತದೆಂದು ನಂಬಿಕೆ. ಆ ಊರಿನವರು ಹೊತ್ತು ಮುಳುಗುವುದರೊಳಗೆ ಮನೆಗೊಬ್ಬರಂತೆ ಕೈ ಹಚ್ಚಿ ಅದನ್ನು ಮತ್ತೂ ಮುಂದಿನ ಊರಿಗೆ ದಾಟಿಸಬೇಕು. ಚಾವಡಿಯಲ್ಲಿ ಅಪ್ಪ ಗೌಡರ ಎದುರು ನಿಂತು ಕೇಳಿದ: "ಬಂಡ್ಯಾಗ ದೇವಿ ಇಲ್ಲಂದ್ರ ತಳ್ಳೂದು ಸುಮ್ನ ತ್ರಾಸು. ಅದಾಳಂದ್ರ, ಮೂಡಲ ಊರಿನ ಮಕ್ಕಳನ್ನ ಕೊಲ್ಲಾಕ ನಾವ ಕಳಿಸಿದಂಗ. ಎರಡರಾಗ ಯಾವುದ್ರಿ ಗೌಡ್ರ?" ಪಡುವಣದವರು ನಮಗೆ ಕಳಿಸಲಿಲ್ಲವೇ, ಹೋಗಿ ಅವರನ್ನು ಕೇಳು ಎಂದರು ಗೌಡರು. ಜನ ನಕ್ಕರು. ಅಪ್ಪ ನಗಲಿಲ್ಲ. ನೆಟ್ಟಗೆ ಸೀಮೆಗೆ ಹೋಗಿ ಬಂಡಿಯನ್ನು ತಾನೇ ಎಳೆದುಕೊಂಡು ಮನೆಗೆ ಬಂದ. ತಡೆಯಲು ಯಾರಿಗೂ ಧೈರ್ಯ ಸಾಲಲಿಲ್ಲ. ತಡೆಯಬೇಕಾದರೆ ಯಾರಾದರೂ ಒಬ್ಬರೇ ಅದನ್ನು ಮುಟ್ಟಬೇಕಿತ್ತು.

ಅಲ್ಲಿಯವರೆಗಿನ ಅಪ್ಪನ ಪರವಾಗಿ ನಾನು ಯಾವ ನ್ಯಾಯಾಲಯದಲ್ಲಾದರೂ ನಿಲ್ಲಬಲ್ಲೆ. ಆಮೇಲೆ ಮಾಡಿದ್ದರ ಪರವಾಗಿ ನಿಲ್ಲಲಾರೆ. ಅನ್ನ ಚೆಲ್ಲಿದ, ಗೊಂಬೆ ಒಡೆದ, ಬಂಡಿಯ ಹಗ್ಗವನ್ನು ಬಸ್ಯಾನ ಕೈಗೆ ಕೊಟ್ಟ. ಇದು ಬರೀ ಕಟ್ಟಿಗೆ ಎಂದು ಓಣಿಗೆ ತೋರಿಸಬೇಕಾಗಿತ್ತು ಅವನಿಗೆ. ಬಸ್ಯಾ ಅದನ್ನು ಕಿರ್ರೆನ್ನಿಸುತ್ತ ಅಂಗಳದ ತುಂಬ ಎಳೆದಾಡಿದ. ಕೆಂಪು ಖಣ ಬಿಚ್ಚಲು ಹೋದರೆ ಅತ್ತ. ಅದರ ತುದಿಯನ್ನು ಬಾಯಲ್ಲಿಟ್ಟುಕೊಂಡೇ ಆಡಿದ.

ವಾರ ಕಳೆಯುವುದರೊಳಗೆ ಊರಿನಲ್ಲಿ ಬ್ಯಾನಿ ಬಿತ್ತು. ನಮ್ಮ ಮನೆಗೆ ಬೆಂಕಿ ಕೊಡುವುದು, ಮಜ್ಜಿಗೆ ಕೊಡುವುದು ನಿಂತಿತು. ಹರಿಜನ ಕೇರಿಯಲ್ಲಿ ಸತ್ತರು, ಗೌಡರ ಓಣಿಯಲ್ಲಿ ಸತ್ತರು, ಕೊನೆಗೆ ಬಸ್ಯಾ ಮಲಗಿದ. ಅಪ್ಪ ಗಂಜಿಯ ತಿಳಿ ಕುಡಿಸುತ್ತ ಕುಳಿತ. ಕುಷ್ಟಗಿಯ ಡಾಕ್ಟರಿಗೆ ಹೇಳಿಕಳಿಸಿದ್ದ. ಗೌಡರು ಅಂಗಳದ ಹೊರಗೇ ನಿಂತು, ಈಗಲೂ ಹೊತ್ತು ಮೀರಿಲ್ಲ, ಬಂಡಿ ಕೊಟ್ಟರೆ ನಾವೇ ದಾಟಿಸುತ್ತೇವೆ, ಹುಡುಗ ಉಳಿಯುತ್ತಾನೆ ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅವ್ವ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಪ್ಪನನ್ನು ನೋಡಿದಳು.

"ಭಾಳ ವರ್ಷ ದೊಡ್ಡ ಮಗನ ಕಡಿಂದ ಮಾಡಿಸೀರಿ. ಇವತ್ತು ನೀವು ಬಾಜು ಬದಲ್ ಮಾಡ್ರಿ."

ಅಪ್ಪ ಗಂಜಿಯ ಬಟ್ಟಲು ಕೆಳಗಿಟ್ಟ. ಆಮೇಲೆ, "ಮಾಡೀನಿ. ನಿನ್ನ ಬಾಜೂನೂ ನೋಡೀನಿ, ಆ ಮೂಡಲ ಊರಾಗಿನ ತಾಯಿ ಬಾಜೂನೂ ನೋಡೀನಿ" ಎಂದ. ಬಂಡಿ ಕೊಡಲಿಲ್ಲ.

ಡಾಕ್ಟರು ಬರುವುದರೊಳಗೆ ಬಸ್ಯಾ ಹೋಗಿದ್ದ. ಮಣ್ಣಿಗೆ ಯಾರೂ ಬರಲಿಲ್ಲ. ಅಪ್ಪ ಅವನನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡ. ಅವ್ವ ಗುದ್ದಲಿ ಹಿಡಿದಳು.

ಮೂಡಲ ಊರಿಗೆ ಬ್ಯಾನಿ ಹೋಗಲಿಲ್ಲ. ಅವರ ನೀರು ಬೇರೆ, ಅವರು ನಮ್ಮ ಹಳ್ಳದ ವರತೆಯ ನೀರು ಕುಡಿಯುವವರಲ್ಲ; ನನಗೆ ಅಷ್ಟು ಕಾರಣ ಸಾಕು. ಅವರಿಗೆ ಸಾಲಲಿಲ್ಲ. ಮಳೆ ಬಿದ್ದ ಮೇಲೆ ಅಲ್ಲಿಯ ಹಿರಿಯರು ತೆಂಗಿನಕಾಯಿ, ಒಂದು ಚೀಲ ಜೋಳ ಹೊತ್ತು ಬಂದು, ಅಪ್ಪನ ಕಾಲಿಗೆ ಬಿದ್ದರು. ಮಾಸ್ತರರು ಮಗನನ್ನು ದೇವಿಗೆ ಕೊಟ್ಟು ತಮ್ಮ ಮಕ್ಕಳನ್ನು ಉಳಿಸಿದರಂತೆ. ಆಗ ಅಪ್ಪನ ಮುಖ ಕಪ್ಪಿಟ್ಟಂತೆ ಮಗ ಸತ್ತ ದಿನವೂ ಕಪ್ಪಿಟ್ಟದ್ದನ್ನು ನಾನು ಕಂಡಿರಲಿಲ್ಲ.

"ನಾನು ಮಗನ್ನ ಕೊಟ್ಟಿಲ್ರಿ" ಅಂದ. "ಬಂಡಿ ಕಳಿಸ್ಲಿಲ್ಲ, ಅಷ್ಟ."

ಅವರು ತಲೆದೂಗಿದರು. ದೊಡ್ಡವರು ಹೀಗೇ ಮಾತಾಡುತ್ತಾರೆ ಎಂಬಂತೆ.

ಕಾನೂನು ಓದಿ ಬಂದ ಮೇಲೆ ನಾನು ಕುಷ್ಟಗಿಯ ಆ ಡಾಕ್ಟರನ್ನು ಹುಡುಕಿಕೊಂಡು ಹೋಗಿ, ಬಸ್ಯಾನಿಗೆ ಬ್ಯಾನಿ ತಂದದ್ದು ನೀರೋ, ಬಾಯಲ್ಲಿಟ್ಟ ಖಣವೋ ಎಂದು ಕೇಳಿದೆ. ನೀರೇ ಇರಬೇಕು, ಬಟ್ಟೆಯಿಂದ ಬರುವುದೇ ಇಲ್ಲ ಎಂದು ಮಾತ್ರ ಹೇಳಲಾರೆ, ಎಂದರು ಮುದುಕರು. ಆಮೇಲೆ, ನಿಮ್ಮಪ್ಪನೂ ಇದನ್ನೇ ಕೇಳಿಕೊಂಡು ಬಂದಿದ್ದರು ಎಂದರು.

ಈಗ ಅಪ್ಪ ಇಲ್ಲ, ಅವ್ವ ಇಲ್ಲ. ಮಾಳಿಗೆ ಕುಸಿದು, ಗೋಡೆ ಕರಗಿ, ಅಂಗಳ ಎಲ್ಲಿತ್ತೆಂದು ನನಗೇ ಗುರುತು ಸಿಗುವುದಿಲ್ಲ. ನನಗೆ ಉಳಿದಿರುವುದು ಆ ಮಳೆಗಾಲದ ನಂತರದ ಊಟಗಳು. ಯಾವ ವಿಷಯವೂ ಏಳುತ್ತಿರಲಿಲ್ಲ, ರೊಟ್ಟಿ ಮುರಿಯುವ ಸದ್ದಷ್ಟೇ. ಅವ್ವ ತೀರ್ಪನ್ನೂ ಕೊಡುತ್ತಿರಲಿಲ್ಲ. ಕೈ ತೊಳೆದು ಅಪ್ಪ ತಾನಾಗಿಯೇ ಎದ್ದು, ಮೂಲೆಯ ಕೊಡ ಎತ್ತಿ ಹೆಗಲ ಮೇಲಿಟ್ಟುಕೊಂಡು ನೀರಿಗೆ ಹೋಗುತ್ತಿದ್ದ. ದಿನಾಲೂ.