ಮಾತಿಲ್ಲದ ನನ್ನ ಕಾದಂಬರಿ

ನಾನು ಬರೆದದ್ದು ಒಂದೇ ಕಾದಂಬರಿ. ಲೋಕದ ಗಾಳಿಯನ್ನೆಲ್ಲ ಹಿಡಿದು ತನ್ನ ಗುಹೆಯಲ್ಲಿ ಕೂಡಿಹಾಕಿಕೊಂಡ ಒಬ್ಬ ರಾಕ್ಷಸಿ, ಅದನ್ನು ಬಿಡಿಸಿ ತರಲು ಹೊರಟ ಅಕ್ಕ ತಂಗಿ, ಇಷ್ಟೇ ಕಥೆ. ದೊಡ್ಡವರಿಗೆಂದು ಬರೆದಿದ್ದರೂ ಅಂಗಡಿಯವರು ಅದನ್ನು ಮಕ್ಕಳ ಪುಸ್ತಕಗಳ ಜೊತೆಗೇ ಇಡುತ್ತಿದ್ದರು. ಬಸವೇಶ್ವರನಗರದ ಶಾಲೆಯೊಂದರಲ್ಲಿ ವಿಜ್ಞಾನ ಪಾಠ ಮಾಡಿ, ಮನೆಗೆ ಬಂದು, ಒಲೆಯ ಮೇಲೆ ಕುಕ್ಕರ್ ಇಟ್ಟು, ಅದು ಕೂಗುವುದರೊಳಗೆ ಆದಷ್ಟು ಬರೆದು ಮುಗಿಸಿದ ಪುಸ್ತಕ. ಅಚ್ಚಾದಾಗ ಸಹೋದ್ಯೋಗಿಗಳು ಹೊಗಳಿದರು, ಒಂದೆರಡು ಪತ್ರಿಕೆಗಳಲ್ಲಿ ನಾಲ್ಕು ಸಾಲು ಬಂತು, ಆಮೇಲೆ ಎಲ್ಲರೂ ಮರೆತರು.

ನನ್ನ ಗಂಡ ಅದನ್ನು ಓದಲೇ ಇಲ್ಲ. ಗೋವಿಂದರಾಜನಗರದಲ್ಲಿ ಅವರದ್ದು ಪೇಂಟ್ ಅಂಗಡಿ. ಓದುವುದೆಂದರೆ ಅವರಿಗೆ ದಿನಪತ್ರಿಕೆ, ಅದೂ ಗಿರಾಕಿ ಇಲ್ಲದಾಗ. ಹೆಂಡತಿ ಪುಸ್ತಕ ಬರೆದಿದ್ದಾಳೆ ಎಂಬ ಹೆಮ್ಮೆ ಅವರಿಗಿತ್ತು. ಒಳಗೆ ಏನಿದೆ ಎಂದು ಮಾತ್ರ ಕೇಳಲಿಲ್ಲ. ಕೇಳದವರಿಗೆ ಹೇಳಲು ನನಗೂ ಸಂಕೋಚ.

ಹೀಗಿರುವಾಗ ಒಂದು ದಿನ ಯಾರೋ ಹುಡುಗಿ ಫೋನ್ ಮಾಡಿದಳು. ಅನ್ನಪೂರ್ಣೇಶ್ವರಿ ನಗರದ ರಕ್ತಪರೀಕ್ಷೆಯ ಲ್ಯಾಬ್ ಒಂದರಲ್ಲಿ ಕೆಲಸ, ಬಿಡುವಿನಲ್ಲಿ ಕೀಬೋರ್ಡ್ ನುಡಿಸುತ್ತಾಳಂತೆ. ವಿಜಯನಗರದ ಲೈಬ್ರರಿಯಲ್ಲಿ ನನ್ನ ಪುಸ್ತಕ ಸಿಕ್ಕಿತಂತೆ. ಅವಳೂ ಅವಳ ಮೂವರು ಗೆಳೆಯರೂ ಸೇರಿ ಅದನ್ನೊಂದು ರಾಕ್ ಆಲ್ಬಂ ಮಾಡುತ್ತಿದ್ದಾರೆ, ನನ್ನ ಒಪ್ಪಿಗೆ ಬೇಕು ಎಂದಳು. ನನಗೆ ಖುಷಿಯಾಗಿ, ಹಾಡುಗಳನ್ನು ನಾನೇ ಬರೆದುಕೊಡುತ್ತೇನೆ ಎಂದುಬಿಟ್ಟೆ. ಆ ಕಡೆ ಅವಳು ಸ್ವಲ್ಪ ತಡವರಿಸಿದಳು.

"ಹಾಡಿರಲ್ಲ ಮೇಡಂ. ಬರೀ ಮ್ಯೂಸಿಕ್. ಒಂದೇ ಒಂದು ಮಾತೂ ಇರಲ್ಲ."

ಪ್ರೋಗ್ರೆಸಿವ್ ರಾಕ್ ಎಂದರೆ ಏನೆಂದು ಅವಳೇ ವಿವರಿಸಿದಳು. ಒಂದೊಂದು ಭಾಗವೂ ಉದ್ದಕ್ಕೆ ಬೆಳೆಯುತ್ತದೆ, ನಡುವೆ ತಾಳ ಬದಲಾಗುತ್ತದೆ, ಪಲ್ಲವಿ ಚರಣ ಏನೂ ಇರುವುದಿಲ್ಲ. ನಾನು ಹೂಂಗುಟ್ಟಿದೆ. ಆದರೆ ಫೋನ್ ಇಟ್ಟ ಮೇಲೆ ಬೇಸರವಾಯಿತು. ಒಂದೊಂದು ವಾಕ್ಯಕ್ಕೂ ಎಷ್ಟು ಒದ್ದಾಡಿದ್ದೆ. ಆ ವಾಕ್ಯಗಳನ್ನೆಲ್ಲ ತೆಗೆದುಹಾಕಿದರೆ ಅದರಲ್ಲಿ ನನ್ನದು ಏನು ಉಳಿಯಿತು? ಕೇಳಿ ನೋಡಿ ಆಮೇಲೆ ಹೇಳಿ ಎಂದು ಆ ಹುಡುಗಿ ಕರೆದಿದ್ದರಿಂದ, ಇಲ್ಲವೆನ್ನಲು ಮನಸ್ಸಾಗದೆ ಒಂದು ಭಾನುವಾರ ಹೊರಟೆ. ಅಂಗಡಿ ಮಧ್ಯಾಹ್ನಕ್ಕೆ ಮುಚ್ಚಿದ್ದರಿಂದ ಗಂಡನೂ ಜೊತೆಗೆ ಬಂದರು. ಕೆಂಗೇರಿ ಕಡೆ ಒಬ್ಬ ಹಳೆಯ ಗಿರಾಕಿಯನ್ನೂ ಕಂಡ ಹಾಗಾಗುತ್ತದೆ ಎಂಬುದು ಅವರ ಲೆಕ್ಕಾಚಾರ.

ಕೆಂಗೇರಿ ಉಪನಗರದಲ್ಲಿ, ಗಿಟಾರ್ ನುಡಿಸುವವನ ಮನೆಯ ಮಹಡಿಯ ಮೇಲೆ ಅವರ ಅಭ್ಯಾಸದ ಕೋಣೆ. ಸದ್ದು ಹೊರಗೆ ಹೋಗದಿರಲೆಂದು ಗೋಡೆಗೆಲ್ಲ ಹಳೆಯ ಹಾಸಿಗೆ ಹೊಡೆದಿದ್ದರು. ನಮ್ಮಿಬ್ಬರಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿ, ಫ್ಯಾನ್ ನಮ್ಮ ಕಡೆಗೆ ತಿರುಗಿಸಿ ನುಡಿಸತೊಡಗಿದರು.

ಮೊದಲಿಗೆ ಕೀಬೋರ್ಡಿನ ಒಂದೇ ಸ್ವರ. ಏರದೆ, ಇಳಿಯದೆ, ಸುಮ್ಮನೆ ನಿಂತಿತ್ತು. ಏನೂ ಆಗುತ್ತಿಲ್ಲವಲ್ಲ ಎಂದುಕೊಳ್ಳುವಷ್ಟರಲ್ಲಿ ನನಗೆ ಹೊಳೆಯಿತು, ಇದು ಗಾಳಿಯಿಲ್ಲದ ಊರು, ನನ್ನ ಮೊದಲ ಅಧ್ಯಾಯ. ಆಮೇಲೆ ಗಿಟಾರೂ ಬೇಸ್ ಗಿಟಾರೂ ಒಂದರ ಹಿಂದೊಂದು ಓಡತೊಡಗಿದವು, ಅಕ್ಕ ತಂಗಿ ಹೊರಟರು. ಪಕ್ಕದಲ್ಲಿ ನನ್ನ ಗಂಡ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ರಾಮನವಮಿಯ ಭಜನೆಯಲ್ಲಿ ತಾಳ ಹಿಡಿಯುವವರು ಅವರೇ. ಆದರೆ ಇಲ್ಲಿ ತಾಳ ಮತ್ತೆ ಮತ್ತೆ ಕೈಯಿಂದ ಜಾರಿತು. ಕೊನೆಗೆ ಕೈಕಟ್ಟಿ ಕೂತರು.

ರಾಕ್ಷಸಿಯ ಭಾಗ ಬರುವಾಗ ಡ್ರಮ್ಮು ಗುಡುಗುತ್ತದೆ ಎಂದು ನಾನು ಕಿವಿ ಗಟ್ಟಿಮಾಡಿಕೊಂಡಿದ್ದೆ. ಡ್ರಮ್ಮಿನವನು ಕೋಲುಗಳನ್ನು ಕೆಳಗಿಟ್ಟ. ಆ ಹುಡುಗಿ ಒಬ್ಬಳೇ ನುಡಿಸಿದಳು. ಮನೆಯಲ್ಲಿ ಒಬ್ಬರೇ ಇರುವಾಗ ಗುನುಗಿಕೊಳ್ಳುವಂಥ ರಾಗ, ನಿಧಾನಕ್ಕೆ, ಅಲ್ಲಲ್ಲಿ ಮರೆತು ಮತ್ತೆ ನೆನಪಿಸಿಕೊಂಡ ಹಾಗೆ. ಇಡೀ ಆಲ್ಬಂನಲ್ಲಿ ಅಷ್ಟು ಚೆಂದದ ಭಾಗ ಇನ್ನೊಂದಿರಲಿಲ್ಲ.

ಎಲ್ಲ ಮುಗಿದ ಮೇಲೆ ನಾನು ನನ್ನ ಆಕ್ಷೇಪ ಹೇಳಿದೆ. ಕ್ರೂರಿಯೊಬ್ಬಳಿಗೆ ಇಷ್ಟು ಕರುಣೆಯ ರಾಗವೇ? ಅವಳು ಊರೂರುಗಳ ಉಸಿರು ಕಟ್ಟಿಸಿದವಳು. ಹುಡುಗಿ ಬೆರಳು ಕೀಬೋರ್ಡಿನಿಂದ ತೆಗೆಯದೆಯೇ ಹೇಳಿದಳು:

"ಸಂಜೆ ಹೊತ್ತು ಗುಹೆ ಬಾಗಿಲು ಹಾಕ್ಕೊಂಡು ಅವಳು ಗಾಳಿ ಜೊತೆ ಮಾತಾಡ್ತಾಳೆ ಅಂತ ಬರ್ದಿದ್ದೀರ ಮೇಡಂ. ಅವಳಿಗೆ ಮಾತಾಡೋಕೆ ಬೇರೆ ಯಾರೂ ಇಲ್ವಲ್ಲ."

ಹಾಗೊಂದು ಸಾಲು ಬರೆದದ್ದೇ ನನಗೆ ಮರೆತುಹೋಗಿತ್ತು. ಸುಮ್ಮನೆ ಸಂಜೆಯ ವರ್ಣನೆಗೆಂದು ಬರೆದದ್ದಿರಬೇಕು. ಇನ್ನೊಂದು ವಿಷಯವನ್ನು ಗಿಟಾರಿನವನು ಹೇಳಿದ. ಪುಸ್ತಕದ ಕೊನೆಯಲ್ಲಿ ರಾಕ್ಷಸಿ ಸಾಯುತ್ತಾಳೆ. ಅದನ್ನು ನುಡಿಸಲು ಅವರು ಬಹಳ ಸಲ ಪ್ರಯತ್ನಪಟ್ಟರೂ ಯಾಕೋ ಸುಳ್ಳು ಅನ್ನಿಸಿ ಬಿಟ್ಟಿದ್ದರು. ಅವರ ಆಲ್ಬಂನಲ್ಲಿ ಗಾಳಿ ಹೊರಗೆ ಹೋಗುತ್ತದೆ, ಅವಳು ಖಾಲಿ ಗುಹೆಯಲ್ಲಿ ಉಳಿಯುತ್ತಾಳೆ. ಹಾಗಾದರೆ ಇದು ನನ್ನ ಕಥೆಯಲ್ಲ ಎಂದೆ. ಆಗ ನನ್ನ ಗಂಡ ನನ್ನ ಕಡೆ ತಿರುಗಿ ಕೇಳಿದರು:

"ಅಲ್ಲ ಕಣೇ, ಅವಳು ಗಾಳಿ ಯಾಕೆ ಹಿಡ್ಕೊಂಡ್ಲು?"

ನಾಲ್ಕೂ ಜನ ನನ್ನ ಮುಖ ನೋಡಿದರು. ರಾಕ್ಷಸಿ ಅಲ್ಲವೇ, ಅದಕ್ಕೇ, ಎಂದೆ. ಗಂಡ ತಲೆಯಾಡಿಸಿದರು. ಅವರಿಗೆ ಉತ್ತರ ಸಾಲದೆ ಹೋದಾಗ ಹೀಗೇ ತಲೆಯಾಡಿಸುತ್ತಾರೆ.

ಹಳೆಯ ಗಿರಾಕಿಯ ಮನೆಗೆ ಹೋಗುವುದು ಅವರಿಗೆ ಮರೆತೇಹೋಯಿತು. ಮೆಟ್ರೋದಲ್ಲಿ ಕೂತ ಕೂಡಲೇ ಮೊದಲಿಂದ ಹೇಳು ಎಂದರು. ಯಾರು ಆ ಇಬ್ಬರು, ಅಪ್ಪ ಅಮ್ಮ ಇರಲಿಲ್ಲವೇ, ಗುಹೆಯ ದಾರಿ ಯಾರು ಹೇಳಿದರು, ಮಧ್ಯೆ ತಾಳ ತಪ್ಪಿತಲ್ಲ, ಅಲ್ಲಿ ಏನಾಯಿತು? ಅಲ್ಲಿ ಸೇತುವೆ ಮುರಿಯುತ್ತದೆ ಎಂದೆ. "ಅದೇ ಮತ್ತೆ" ಎಂದು ಸಮಾಧಾನಪಟ್ಟುಕೊಂಡರು. ಅವರು ಕೇಳುತ್ತಾ ಹೋದರು, ನಾನು ಹೇಳುತ್ತಾ ಹೋದೆ. ನಿಂತವರು ಒಂದಿಬ್ಬರು ಬಗ್ಗಿ ನೋಡಿದರು. ವಿಜಯನಗರ ಬಂದಾಗ ಅಕ್ಕ ತಂಗಿ ಇನ್ನೂ ಗುಹೆಯ ಬಾಗಿಲಿಗೆ ಬಂದಿರಲಿಲ್ಲ. ಇಳಿದು ಪ್ಲಾಟ್‌ಫಾರಂನ ಬೆಂಚಿನ ಮೇಲೆ ಕೂತೆವು. ಮದುವೆಯಾದ ಮೇಲೆ ಅವರು ನನ್ನ ಮಾತನ್ನು ಅಷ್ಟು ಹೊತ್ತು ಬೇಸರಿಸದೆ ಕೇಳಿದ್ದು ಅದೇ ಮೊದಲು. ಗುಹೆಯ ಒಳಗೆ ಹೋಗುವ ಮುಂಚೆ ನನ್ನನ್ನು ತಡೆದು, ಮಿಕ್ಕಿದ್ದನ್ನು ತಾನೇ ಓದಿಕೊಳ್ಳುತ್ತೇನೆ ಎಂದರು.

ಮಾರನೆಯ ದಿನ ಆ ಹುಡುಗಿಗೆ ಫೋನ್ ಮಾಡಿ ಒಪ್ಪಿಗೆ ಕೊಟ್ಟೆ. ಒಂದೇ ಷರತ್ತು ಹಾಕಿದೆ, ಆಲ್ಬಂ ಮೇಲೆ ನನ್ನ ಕಾದಂಬರಿ ಎಂದು ಹಾಕಬಾರದು, ನನ್ನ ಕಾದಂಬರಿಯಿಂದ ಹುಟ್ಟಿದ್ದು ಎಂದು ಹಾಕಬೇಕು. ಹಾಗೇ ಮಾಡಿದರು. ಇಂಟರ್ನೆಟ್ಟಿನಲ್ಲಿ ಬಿಡುಗಡೆಯಾದ ಮೇಲೆ ರಾಜಾಜಿನಗರದ ಚಿಕ್ಕ ಸಭಾಂಗಣವೊಂದರಲ್ಲಿ ನುಡಿಸಿದರು. ಅರ್ಧ ಕುರ್ಚಿಗಳು ಖಾಲಿಯಿದ್ದವು. ನನ್ನ ಗಂಡ ಪಕ್ಕದ ಟೈಲ್ಸ್ ಅಂಗಡಿಯವರನ್ನು ಕರೆತಂದಿದ್ದರು, ಪಾಪ, ಅವರಿಗೆ ತಲೆನೋವು ಬಂದು ಬೇಗ ಎದ್ದು ಹೋದರು. ರಾಕ್ಷಸಿಯ ಭಾಗ ಬಂದಾಗ ನನ್ನ ಪಕ್ಕದ ಸಾಲಿನ ಹೆಂಗಸೊಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಮಾತಾಡಿಸಿದರೆ ಅವರಿಗೆ ಪುಸ್ತಕದ ವಿಷಯವೇ ಗೊತ್ತಿರಲಿಲ್ಲ. ಮೊದಲು ಸ್ವಲ್ಪ ಹೊಟ್ಟೆಕಿಚ್ಚಾಯಿತು. ನನ್ನ ಪುಟಗಳನ್ನು ಓದಿ ಯಾರಾದರೂ ಅತ್ತದ್ದು ನನಗೆ ಗೊತ್ತಿಲ್ಲ. ಆದರೂ ಅವರು ಕಾಫಿ ಕುಡಿಯುವ ತನಕ ಪಕ್ಕದಲ್ಲೇ ಕೂತಿದ್ದೆ. ಎದ್ದು ಬರಲು ಮನಸ್ಸಾಗಲಿಲ್ಲ.

ಗಂಡ ಓದುವುದನ್ನು ಬಿಡಲಿಲ್ಲ. ಅಂಗಡಿಯಲ್ಲಿ ಕೂತು ನಿಧಾನವಾಗಿ ಓದಿದರು. ಕೊನೆಯ ಅಧ್ಯಾಯಕ್ಕೆ ಬಂದು ನಿಲ್ಲಿಸಿಬಿಟ್ಟರು. ಯಾಕೆ ಎಂದರೆ, ಆ ಹುಡುಗರ ಸಂಗೀತದಲ್ಲಿ ರಾಕ್ಷಸಿ ಬದುಕಿದ್ದಾಳಲ್ಲ, ತನಗೆ ಅಷ್ಟು ಸಾಕು ಎಂದರು.

ಅವಳು ಸಾಯಲೇಬೇಕಿತ್ತು ಎಂದು ನಾನು ಈಗಲೂ ಹೇಳುತ್ತೇನೆ. ಬೆಳಿಗ್ಗೆ ದೋಸೆ ಹುಯ್ಯುವಾಗ ಎಷ್ಟೋ ಸಲ ಇದೇ ವಾದ. ಮನೆಖರ್ಚು, ನೆಂಟರು, ಪೇಟೆಯ ಧೂಳು, ಇವುಗಳ ಬಗ್ಗೆ ಜಗಳವಾಡಿದ್ದೇವೆಯೇ ಹೊರತು ಇಲ್ಲದ ಹೆಂಗಸೊಬ್ಬಳಿಗಾಗಿ ನಾವು ಹಿಂದೆಂದೂ ಜಗಳವಾಡಿದ್ದಿಲ್ಲ. ಕೊನೆಯ ಅಧ್ಯಾಯ ಓದದೆ ವಾದ ಮಾಡಬೇಡಿ ಎಂದು ನಾನು ಗದರುತ್ತೇನೆ.

"ಓದಿದ್ರೆ ನೀನೇ ಗೆದ್ಬಿಡ್ತೀಯ" ಎಂದು ಅವರು ಚಟ್ನಿ ಬಡಿಸಿಕೊಳ್ಳುತ್ತಾರೆ.