ಅಪ್ಪನ ತಲೆಗೆ ಹಚ್ಚಿದ ಬಣ್ಣ

ಮದುವೆಗೆ ಹೊರಟ ನನ್ನ ಗಂಡ ಇವತ್ತು ತಲೆಗೆ ಹಚ್ಚಲು ಬಣ್ಣ ಕಲಸುತ್ತಿದ್ದರು. ಆ ವಾಸನೆಗೆ ಯಶವಂತನಗರದ ನಮ್ಮ ತವರಿನ ಮನೆಕಟ್ಟೆ ನೆನಪಾಯಿತು.

ಅಪ್ಪ ದುಡಿಯುತ್ತಿದ್ದ ಕಬ್ಬಿಣದ ಅದಿರಿನ ಗಣಿಯ ಸೂಪರ್‌ವೈಸರ್ ಸವೆದ ಸಲಿಕೆ, ಕೆಟ್ಟ ಲಾರಿ ಎಲ್ಲವನ್ನೂ ‘ಓಲ್ಡ್’ ಎಂದು ಬದಿಗೆ ಸರಿಸುತ್ತಿದ್ದ. ಒಂದು ದಿನ ಹಾಗೆಯೇ ಅಪ್ಪನನ್ನೂ ಕೆಲಸದಿಂದ ಬಿಡಿಸಿದ.

“ಓಲ್ಡ್ ಅಂದ್ರ ಏನಂತ ಕಲಿಸ್ಯಾರವ್ವಾ ಸಾಲ್ಯಾಗ?” ಎಂದು ಅಪ್ಪ ಕೇಳಿದ.

“ಹಳೇದು, ಅಪ್ಪಾ.”

“ಹಂಗಾದ್ರ ನನ್ನ ಹೊಸಾದು ಮಾಡು,” ಎಂದು ಬಣ್ಣದ ಪುಡಿ ಕೈಗಿಟ್ಟ.

ಹಲ್ಲುಜ್ಜುವ ಬ್ರಷ್ಷಿನಿಂದ ಕೂದಲು, ಮೀಸೆ ಎಲ್ಲ ಕಪ್ಪು ಮಾಡಿದೆ. ಮರುದಿನ ಬೇರೆ ಗಣಿಗೆ ಕೆಲಸ ಕೇಳಲು ಹೋದವನು ಮಧ್ಯಾಹ್ನಕ್ಕೇ ಬಂದ.

“ಸಾಹೇಬ್ರ ಮುಂದ ನಿಂತಾಗ ಕೆಮ್ಮು ಬಂತವ್ವಾ,” ಅಂದ. ಹೆಗಲ ಟವೆಲ್ಲಿನ ತುಂಬ ಅದಿರಿನಷ್ಟೇ ಕೆಂಪು ಕಫ.

ಗಂಡ ಕನ್ನಡಿಯಲ್ಲಿ ಮೀಸೆ ತೀಡುತ್ತ, “ನನಗ ನಲವತ್ತೆರಡು ಅಂತ ಯಾರರ ಅಂತಾರೇನು?” ಎಂದು ನಕ್ಕರು.

ಅಪ್ಪನಿಗೂ ಆಗ ನಲವತ್ತೆರಡೇ.