ಎಡಕ್ಕೆ ಮಾತ್ರ ತಿರುಗುವ ಚಾಲಕ

ಎರಡು ವರ್ಷಗಳ ಹಿಂದಿನ ಮಾತು. ಕೋಲ್ಕತ್ತದ ಸಾಲ್ಟ್ ಲೇಕ್‌ನ ಒಂದು ಖಾಸಗಿ ಆಸ್ಪತ್ರೆಯಲ್ಲಿ ತಲೆಸುತ್ತು ಮತ್ತು ಸಮತೋಲನದ ತೊಂದರೆಗಳ ವಿಭಾಗವನ್ನು ನಾನು ನೋಡಿಕೊಳ್ಳುತ್ತಿದ್ದೆ. ಹಾಸಿಗೆಯಿಂದ ಏಳುವಾಗ ಮನೆಯೇ ತಿರುಗಿದಂತಾಗುವ ನಡುವಯಸ್ಸಿನವರು, ಬಿದ್ದು ಸೊಂಟ ಮುರಿದುಕೊಂಡೇವು ಎಂದು ಹೆದರಿದ ಹಿರಿಯರು, ಹೆಚ್ಚಾಗಿ ಇಂಥವರೇ ನನ್ನ ರೋಗಿಗಳು. ದುರ್ಗಾಪೂಜೆ ಮುಗಿದು ಬೀದಿಗಳಲ್ಲಿ ಪೆಂಡಾಲ್ ಬಿಚ್ಚುತ್ತಿದ್ದ ವಾರ, ಒಬ್ಬ ಎತ್ತರದ ಅಮೆರಿಕನ್ ನನ್ನ ಕೋಣೆಯ ಬಾಗಿಲಲ್ಲಿ ನಿಂತು, "ನಾನು ರೇಸ್ ಕಾರು ಓಡಿಸುವವನು. ಫೆಬ್ರವರಿಯೊಳಗೆ ನಾನು ಸರಿಯಾಗಬೇಕು" ಎಂದರು. ಕುಳಿತುಕೊಳ್ಳಿ ಎಂದೆ. ಕೂರಲಿಲ್ಲ.

ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರುಗಳನ್ನು ಮಾತ್ರ ಬದಲಿಸಿದ್ದೇನೆ. ಅವರನ್ನು ವೆಸ್ ಎಂದು ಕರೆಯುತ್ತೇನೆ. ಹೆಂಡತಿ ಶರ್ಮಿಳಾ ಇದೇ ಊರಿನ ಬಾಲಿಗಂಜ್‌ನಲ್ಲಿ ಬೆಳೆದು ಅಮೆರಿಕದಲ್ಲಿ ಅಧ್ಯಾಪಕಿಯಾದವರು. ಒಂದು ವರ್ಷದ ಮಟ್ಟಿಗೆ ಜಾದವ್‌ಪುರ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಲು ಬಂದಿದ್ದರು. ನನ್ನ ಯಜಮಾನರೂ ಅಲ್ಲೇ ಭೌತಶಾಸ್ತ್ರ ಕಲಿಸುತ್ತಾರೆ. ಅವರ ಮೂಲಕವೇ ವೆಸ್ ನನ್ನಲ್ಲಿಗೆ ಬಂದದ್ದು.

ವೆಸ್ ಓಡಿಸುತ್ತಿದ್ದದ್ದು ಸ್ಟಾಕ್ ಕಾರು. ಹೊರಗಿನಿಂದ ನೋಡಿದರೆ ರಸ್ತೆಯ ಮೇಲೆ ಓಡುವ ಸಾಮಾನ್ಯ ಕಾರಿನ ಆಕಾರ, ಒಳಗೆಲ್ಲ ಉಕ್ಕಿನ ಕೊಳವೆಗಳ ಪಂಜರ. ಮೊಟ್ಟೆಯಾಕಾರದ ಟ್ರ್ಯಾಕ್ ಮೇಲೆ ಹತ್ತಾರು ಕಾರುಗಳು ಒಂದಕ್ಕೊಂದು ಅಂಟಿಕೊಂಡಂತೆ ಸುತ್ತುತ್ತವೆ. ಸುತ್ತು ಯಾವಾಗಲೂ ಎಡಕ್ಕೆ. ಹೊರಗಿನ ಕಾಂಕ್ರೀಟ್ ಗೋಡೆ ಯಾವಾಗಲೂ ಬಲಕ್ಕೆ. ಅಪ್ಪನ ಗ್ಯಾರೇಜಿನಲ್ಲಿ ಗುಜರಿ ಕಾರುಗಳನ್ನು ಬಿಚ್ಚಿ ಜೋಡಿಸುತ್ತ ಬೆಳೆದ ವೆಸ್, ಊರಿನ ಮಣ್ಣಿನ ಟ್ರ್ಯಾಕಿನಲ್ಲಿ ಶನಿವಾರದ ರೇಸುಗಳಿಂದ ಶುರು ಮಾಡಿದರು. ಬೇರೆಯವರ ತಂಡಗಳಲ್ಲಿ ಟೈರು ಬದಲಿಸುವ ಕೆಲಸ ಮಾಡಿದರು. ದೊಡ್ಡ ಸರಣಿಗೆ ಕಾಲಿಟ್ಟಾಗ ವಯಸ್ಸು ಮೂವತ್ತು ದಾಟಿತ್ತು. ಅಲ್ಲಿ ಗೆದ್ದದ್ದು ಒಂದೇ ರೇಸು. "ಆದ್ರೆ ಕಾರನ್ನ ಯಾವತ್ತೂ ಒಡೆಯದೆ ವಾಪಸ್ ತರೋನು ಅಂತ ಹೆಸರಿತ್ತು. ಅದಕ್ಕೇ ನನಗೆ ಕೆಲಸ ಸಿಗ್ತಿತ್ತು" ಎಂದು ಒಮ್ಮೆ ಹೇಳಿದರು.

ಆ ವರ್ಷದ ಬೇಸಿಗೆಯಲ್ಲಿ ಅವರ ಕಾರು ಜಾರಿ, ಪಕ್ಕದಲ್ಲಿದ್ದ ಇನ್ನೊಂದು ಕಾರಿಗೆ ಬಡಿದು, ಎರಡೂ ಗೋಡೆಗೆ ಅಪ್ಪಳಿಸಿದ್ದವು. ವೆಸ್ ತಲೆಗೆ ಪೆಟ್ಟು ಬಿದ್ದಿತ್ತು. ಆಮೇಲೆ ನಡೆಯುವಾಗ ನೆಲ ಓಲಾಡಿದ ಹಾಗೆ, ತಲೆ ತಿರುಗಿಸಿದರೆ ನೋಟ ಕಲಸಿಹೋದ ಹಾಗೆ. ಹೊಸ ಸೀಸನ್ ಶುರುವಾಗುವ ಹೊತ್ತಿಗೆ ಅಲ್ಲಿನ ವೈದ್ಯರು ಮತ್ತೆ ಪರೀಕ್ಷಿಸುವವರಿದ್ದರು. ಅದಕ್ಕೆ ಮೊದಲು ಇಲ್ಲಿನ ಚಿಕಿತ್ಸೆಯ ವರದಿ ಅವರಿಗೆ ಬೇಕಿತ್ತು.

ನಮ್ಮ ಒಳಗಿವಿಯಲ್ಲಿ ಸಮತೋಲನದ ಅಂಗವಿದೆ. ತಲೆ ಯಾವ ಕಡೆ, ಎಷ್ಟು ವೇಗವಾಗಿ ತಿರುಗಿತು ಎಂದು ಅದು ಕಣ್ಣಿಗೆ ತಿಳಿಸುತ್ತದೆ, ಕಣ್ಣು ಅಷ್ಟೇ ವೇಗವಾಗಿ ಎದುರು ದಿಕ್ಕಿಗೆ ತಿರುಗಿ ನೋಟವನ್ನು ಹಿಡಿದಿಡುತ್ತದೆ. ಹಾಗಾಗಿಯೇ ಓಡುತ್ತಿರುವಾಗಲೂ ನಮಗೆ ಬೋರ್ಡು ಓದಲು ಸಾಧ್ಯ. ಸಣ್ಣ ಕ್ಯಾಮೆರಾ ಇರುವ ಕನ್ನಡಕ ತೊಡಿಸಿ, ಗೋಡೆಯ ಮೇಲಿನ ಚುಕ್ಕೆ ನೋಡಲು ಹೇಳಿ, ನಾವು ರೋಗಿಯ ತಲೆಯನ್ನು ಹಠಾತ್ತನೆ ಎಡಕ್ಕೆ, ಬಲಕ್ಕೆ ತಿರುಗಿಸುತ್ತೇವೆ. ಎಡಕ್ಕೆ ತಿರುಗಿಸಿದಾಗ ವೆಸ್ ಕಣ್ಣು ಚುಕ್ಕೆಯನ್ನು ಬಿಡಲಿಲ್ಲ. ಬಲಕ್ಕೆ ತಿರುಗಿಸಿದಾಗ ಕಣ್ಣು ತಲೆಯ ಜೊತೆಗೇ ಹೋಗಿ, ಆಮೇಲೆ ಗಡಬಡಿಸಿ ಹಿಂದಕ್ಕೆ ಜಿಗಿಯಿತು. ಬಲಗಡೆಯ ಅಂಗ ಬಹುಪಾಲು ಸತ್ತಿತ್ತು.

ಅದು ಮತ್ತೆ ಹುಟ್ಟುವುದಿಲ್ಲ, ಆದರೆ ಮಿದುಳು ಹೊಂದಿಕೊಳ್ಳುವುದನ್ನು ಕಲಿಯುತ್ತದೆ, ಅದಕ್ಕೆ ವ್ಯಾಯಾಮ ಬೇಕು ಎಂದು ವಿವರಿಸಿದೆ. ಅಕ್ಷರ ನೋಡುತ್ತ ತಲೆ ಆಡಿಸುವುದು, ದಿಂಬಿನ ಮೇಲೆ ನಿಲ್ಲುವುದು, ಜನಸಂದಣಿಯಲ್ಲಿ ನಡೆಯುವುದು. ನಾನು ದಿನಕ್ಕೆ ಮೂರು ಸಲ ಎಂದರೆ ವೆಸ್ ಮೂರರ ಮೇಲೆ ಇನ್ನಷ್ಟು ಮಾಡುತ್ತಿದ್ದರು. ಗಡಿಯಾಹಾಟ್ ಫುಟ್‌ಪಾತಿನ ಅಂಗಡಿಗಳ ನಡುವೆ ಗಂಟೆಗಟ್ಟಲೆ ನಡೆದು ವಾಂತಿ ಮಾಡಿಕೊಂಡು ಬಂದದ್ದೂ ಉಂಟು. ಒಂದು ಸಂಜೆ ನಮ್ಮ ಯಜಮಾನರು ಮನೆಗೆ ಬಂದವರೇ, "ನಿನ್ನ ರೇಸಿನ ಮನಷ್ಯಾ ಇವತ್ತ ಲೋಕಲ್ ಟ್ರೇನಿನ ಬಾಗಿಲದಾಗ ನಿಂತು ಬಂದ್ನಲೇ! ಸೀಟ್ ಖಾಲಿ ಇತ್ತು. ಕೂಡ್ರಿ ಅಂದ್ರ ಕೂಡಂಗಿಲ್ಲ. ಏನರ ಬೆನ್ನಟ್ಟೇದ ಅನ್ನೋ ಹಂಗ ಇರ್ತಾನ" ಎಂದರು.

ನನಗೂ ಅದೇ ಅನಿಸುತ್ತಿತ್ತು. ಕಾಯುವ ಸಾಲಿನಲ್ಲಿ ವೆಸ್ ಇದ್ದರೆ ಉಳಿದ ರೋಗಿಗಳಿಗೂ ಚಡಪಡಿಕೆ ಹತ್ತುತ್ತಿತ್ತು. ಕಾರಿಡಾರಿನ ಈ ತುದಿಯಿಂದ ಆ ತುದಿಗೆ ನಡೆಯುವರು, ಕಿಟಕಿ ತೆರೆಯುವರು, ಮುಚ್ಚುವರು. ವೃತ್ತಿ ಕೈತಪ್ಪುವ ಭಯ ಎಂದು ನಾನು ಅರ್ಥ ಮಾಡಿಕೊಂಡೆ. ನಲವತ್ತರ ಅಂಚಿನ ಚಾಲಕನಿಗೆ ಒಂದು ಸೀಸನ್ ತಪ್ಪಿದರೆ ಇನ್ನೊಂದು ಸಿಗುವ ಖಾತ್ರಿಯಿಲ್ಲ. ಆ ಅರ್ಥ ಸಹಜವಾಗಿತ್ತು, ಹಾಗಾಗಿ ನಾನು ಮುಂದೆ ಕೇಳಲಿಲ್ಲ.

ಚಳಿಗಾಲ ಬರುವಷ್ಟರಲ್ಲಿ ಅವರು ತುಂಬ ಸುಧಾರಿಸಿದ್ದರು. ನೇರ ನಡೆಯುತ್ತಿದ್ದರು, ಕಣ್ಣು ಮುಚ್ಚಿ ಒಂಟಿಕಾಲಲ್ಲಿ ನಿಲ್ಲುತ್ತಿದ್ದರು. ತಲೆಸುತ್ತು ಹೋಗಿತ್ತು. ಜನವರಿಯಲ್ಲಿ ವರದಿ ಬರೆಯುವ ಸಮಯ ಬಂತು. ಅದರ ಹಿಂದಿನ ದಿನ ಶರ್ಮಿಳಾ ಒಬ್ಬರೇ ನನ್ನನ್ನು ನೋಡಲು ಬಂದರು. ಇನ್ನು ರೇಸಿಗೆ ಕಳಿಸಬೇಡಿ ಎಂದು ಬೇಡಿಕೊಳ್ಳುತ್ತಾರೆ ಅಂದುಕೊಂಡೆ. ಅವರು ಹೇಳಿದ್ದು ಬೇರೆಯೇ.

"ದೀದಿ, ಏನಾದ್ರೂ ಮಾಡಿ ಅವನು ಸರಿ ಇದ್ದಾನೆ ಅಂತ ಬರೀರಿ. ರೇಸಿಗೆ ಹೋಗಲಿ ಬಿಡಲಿ, ನನಗೆ ಅದಲ್ಲ ಮುಖ್ಯ. ಕಿವಿ ಹೋಗಿದೆ ಅಂತ ನೀವು ಬರೆದುಬಿಟ್ರೆ ಅವನು ಉಳಿಯಲ್ಲ."

"ಯಾಕೆ ಹಾಗಂತೀರಿ?"

"ಗೊತ್ತಿಲ್ಲ. ನನಗೂ ಹೇಳ್ತಿಲ್ಲ. ಆದ್ರೆ ನೀವು ಬರೆಯೋ ಒಂದೇ ಮಾತಿಗೆ ಕಾಯ್ತಾ ಇದ್ದಾನೆ."

ಪರೀಕ್ಷೆ ಮುಗಿಯುವವರೆಗೆ ಏನೂ ಹೇಳಲಾರೆ ಎಂದು ಅವರನ್ನು ಕಳಿಸಿದೆ. ಮರುದಿನ ಸಂಜೆ ಇಬ್ಬರೂ ಬಂದರು. ಕನ್ನಡಕದ ಪರೀಕ್ಷೆಯಲ್ಲಿ ಬಲಗಡೆ ಹಳೆಯ ಸ್ಥಿತಿಯೇ. ಬದಲಾದದ್ದು ಒಂದೇ: ತಪ್ಪಿದ ಕಣ್ಣು ಈಗ ಎಷ್ಟು ಚುರುಕಾಗಿ ಚುಕ್ಕೆಗೆ ಜಿಗಿಯುತ್ತಿತ್ತೆಂದರೆ, ಕ್ಯಾಮೆರಾ ಇಲ್ಲದಿದ್ದರೆ ನಾನೂ ಮೋಸಹೋಗುತ್ತಿದ್ದೆ. ಆದರೆ ಕಣ್ಣು ಜಿಗಿಯುವಾಗ ನಮಗೆ ಏನೂ ಸ್ಪಷ್ಟವಾಗಿ ಕಾಣುವುದಿಲ್ಲ. ನಡೆದಾಡುವವರಿಗೆ ಅದರಿಂದ ನಷ್ಟವಿಲ್ಲ. ಗಂಟೆಗೆ ಮುನ್ನೂರು ಕಿಲೋಮೀಟರ್ ವೇಗದಲ್ಲಿ, ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಕಾರು ಎಂಟು ಮೀಟರ್ ಮುಂದೆ ಹೋಗಿರುತ್ತದೆ.

ಇದನ್ನು ಹೇಳಿದಾಗ ವೆಸ್ ಮುಖ ಬಿಗಿಯಿತು. "ನಂಬಲ್ಲ. ನನಗೆ ಕಾಣೋ ಹಾಗೆ ತೋರಿಸಿ."

ತೋರಿಸುವ ಒಂದು ಪರೀಕ್ಷೆ ಇತ್ತು. ತಲೆ ವೇಗವಾಗಿ ತಿರುಗುತ್ತಿರುವ ಕ್ಷಣದಲ್ಲಿ ಮಾತ್ರ ಪರದೆಯ ಮೇಲೆ ಇಂಗ್ಲಿಷಿನ E ಅಕ್ಷರ ಮಿಂಚಿ ಮಾಯವಾಗುತ್ತದೆ. ಅದರ ಬಾಯಿ ಯಾವ ಕಡೆಗಿತ್ತು ಎಂದು ಹೇಳಬೇಕು. ಎಡಕ್ಕೆ ತಿರುಗಿಸಿದಾಗ ಅವರು ಒಂದೂ ತಪ್ಪಲಿಲ್ಲ. ಬಲಕ್ಕೆ ತಿರುಗಿಸಿದಾಗ, "ಮೇಲೆ... ಅಲ್ಲ, ಎಡ... ಇನ್ನೊಂದ್ಸಲ." ಮತ್ತೆ ಮಾಡಿದೆ. "ಇನ್ನೊಂದ್ಸಲ." ಮತ್ತೆ. ಬರೀ ಊಹೆ ಎನ್ನುವುದು ಅವರಿಗೇ ತಿಳಿದುಹೋಯಿತು. ಎದ್ದು ಕೋಣೆಯಲ್ಲಿ ಓಡಾಡತೊಡಗಿದರು.

"ನಾನು ಎಡಕ್ಕೆ ಮಾತ್ರ ತಿರುಗೋನು, ಡಾಕ್ಟರ್. ನನ್ನ ಇಡೀ ಜೀವನ ಎಡಕ್ಕೇ ತಿರುಗಿದ್ದೀನಿ. ಈ ಕಿವಿ ನನಗೆ ಬೇಕಾಗೇ ಇಲ್ಲ."

ರೇಸಿನ ಬಗ್ಗೆ ನನಗೆ ಗೊತ್ತಿದ್ದದ್ದು ಅಷ್ಟರಲ್ಲೇ. ಕಲಿಯುವವಳ ಹಾಗೆ ಕೇಳಿದೆ: "ಕಾರಿನ ಹಿಂಭಾಗ ಜಾರಿದಾಗ ನೀವು ಸ್ಟೀರಿಂಗ್ ತಿರುಗಿಸಿ ಸರಿಮಾಡ್ತೀರಲ್ಲ, ಆಗ ಕಾರು ಯಾವ ಕಡೆಗೆ ಎಳೆಯುತ್ತೆ?"

ಓಡಾಟ ನಿಂತಿತು.

"ಬಲಕ್ಕೆ," ಎಂದರು. "ಗೋಡೆ ಕಡೆಗೆ."

ಅವತ್ತು ಮೊದಲ ಸಲ ನಾನು ಹೇಳದೆಯೇ ಕುಳಿತುಕೊಂಡರು. ಶರ್ಮಿಳಾ ಪಕ್ಕದಲ್ಲಿ ಬಂದು ನಿಂತರು. "ನಿಮ್ಮ ಯಂತ್ರ ಈ ಕಿವಿ ಯಾವಾಗ ಹೋಯ್ತು ಅಂತ ಹೇಳುತ್ತಾ?" ಎಂದು ವೆಸ್ ಕೇಳಿದರು.

"ಇಲ್ಲ. ಹೋಗಿದೆ ಅಂತ ಮಾತ್ರ ಹೇಳುತ್ತೆ."

ಆಮೇಲೆ ಅವರು ಹೇಳಿದ್ದನ್ನು ಶರ್ಮಿಳಾ ಕೂಡ ಆಗಲೇ ಮೊದಲು ಕೇಳುತ್ತಿದ್ದದ್ದು. ಬೇಸಿಗೆಯ ಆ ಅಪಘಾತಕ್ಕೆ ಕೆಲವು ವಾರ ಮುಂಚೆ ಇನ್ನೊಂದು ಸಣ್ಣ ಡಿಕ್ಕಿಯಾಗಿತ್ತು. ಯಾರೂ ಅದನ್ನು ಗಂಭೀರವಾಗಿ ತೆಗೆದುಕೊಂಡಿರಲಿಲ್ಲ. ಅಂದಿನಿಂದಲೇ ಬಲಕ್ಕೆ ತಲೆ ಹೊರಳಿಸಿದರೆ ನೋಟ ಕಲಸುತ್ತಿತ್ತು. ಹೇಳಿದರೆ ಕಾರಿನಿಂದ ಇಳಿಸುತ್ತಾರೆ ಎಂದು ಸುಮ್ಮನಿದ್ದರು.

"ಎಲಿ ನನ್ನ ಬಲಗಡೆ ಇದ್ದ. ಹಾಗಂತ ನಮ್ಮ ತಂಡದವರು ರೇಡಿಯೊದಲ್ಲಿ ಹೇಳಿದ್ರು, ನನಗೆ ಕೇಳಿಸಿತ್ತು. ಕಾರು ಜಾರ್ತು, ಹಿಡಿದೆ, ಅದು ಬಲಕ್ಕೆ ಎಳೀತು. ಅಷ್ಟೇ. ಅವನು ಎಷ್ಟು ದೂರದಲ್ಲಿದ್ದಾನೆ ಅನ್ನೋದೇ ಕಾಣಲಿಲ್ಲ. ಬರೀ ಬಣ್ಣ ಕಲಸಿದ ಹಾಗಿತ್ತು." ಪಕ್ಕದ ಕಾರಿನಲ್ಲಿದ್ದ ಎಲಿ ಎಂಬ ಚಾಲಕನ ಸೊಂಟದ ಮೂಳೆ, ಕಾಲು ಮುರಿದಿದ್ದವು. "ಟೈರಿಗೆ ಹಿಡಿತ ಸಿಗಲಿಲ್ಲ ಅಂತ ಎಲ್ರಿಗೂ ಹೇಳಿದ್ದೀನಿ. ಎಲಿಗೂ ಅದನ್ನೇ ಹೇಳಿದ್ದೀನಿ. ಆಸ್ಪತ್ರೆಯಲ್ಲಿ ಮಲಗಿದ್ದವನು 'ಇರ್ಲಿ ಬಿಡು, ರೇಸ್ ಅಂದ್ರೆ ಹೀಗೇ' ಅಂದ."

ಕಿವಿ ಸರಿಯಿದೆ ಎಂದು ನಾನು ಬರೆದಿದ್ದರೆ, ಟೈರಿನದೇ ತಪ್ಪು ಎಂಬ ಆ ಸುಳ್ಳು ಅವರ ಪಾಲಿಗೆ ನಿಜವಾಗುತ್ತಿತ್ತು. ತಿಂಗಳುಗಟ್ಟಲೆ ಅವರು ಬೆವರು ಸುರಿಸಿದ್ದು ಅದಕ್ಕಾಗಿ. ನಾನು ಅದನ್ನು ರೇಸಿನ ಆಸೆ ಅಂದುಕೊಂಡಿದ್ದೆ.

"ಯಂತ್ರ ಹೇಳಲ್ಲ, ವೆಸ್. ನೀವು ಹೇಳಬಹುದು," ಎಂದೆ. ಇದು ವೈದ್ಯರು ಹೇಳುವ ಮಾತೋ ಅಲ್ಲವೋ ಎಂಬ ಅನುಮಾನ ಈಗಲೂ ಇದೆ.

ಶರ್ಮಿಳಾ ಅಳಲಿಲ್ಲ, ಬೈಯಲಿಲ್ಲ. ತಮ್ಮ ಬ್ಯಾಗಿನಿಂದ ಅವರ ಫೋನ್ ತೆಗೆದು ಕೈಗಿಟ್ಟು, "ಅಲ್ಲಿ ಈಗ ಬೆಳಗಾಗಿದೆ" ಎಂದರು.

ವೆಸ್ ಹೊರಗೆ ಹೋದರು. ನನ್ನ ಕಿಟಕಿಯಿಂದ ಆಸ್ಪತ್ರೆಯ ಗೇಟು, ಅದರಾಚೆ ಆಟೋಗಳ ಸಾಲು ಕಾಣುತ್ತದೆ. ಫೋನ್ ಕಿವಿಗೆ ಹಿಡಿದು ಅವರು ಗೇಟಿನ ಒಳಗೂ ಹೊರಗೂ ನಡೆದಾಡುತ್ತಿದ್ದರು. ಆಟೋದವರು ಕರೆಯುತ್ತಿದ್ದರು, ಅವರಿಗೆ ಕೇಳಿಸುತ್ತಿರಲಿಲ್ಲ. ಆಮೇಲೆ ಒಂದು ಕಡೆ ನಿಂತರು. ಆ ಗದ್ದಲದ ನಡುವೆ ಕದಲದೆ ನಿಂತೇ ಇದ್ದರು. ನಾನೂ ಶರ್ಮಿಳಾ ಅವರೂ ನೋಡುತ್ತಿದ್ದೆವು.

ವಾಪಸ್ ಬಂದಾಗ ಮುಖ ಬಿಳಿಚಿತ್ತು. "ಎಲಿ ಏನಂದ?" ಎಂದರು ಶರ್ಮಿಳಾ.

"ಬೈದ. ತುಂಬ ಬೈದ. ಇನ್ನು ಫೋನ್ ಮಾಡಬೇಡ ಅಂದ."

ವರದಿಯನ್ನು ಇದ್ದದ್ದು ಇದ್ದ ಹಾಗೆ ಬರೆದೆ. ಸಣ್ಣ ಡಿಕ್ಕಿಯ ವಿಷಯವನ್ನೂ ರೋಗಿಯ ಹೇಳಿಕೆಯಾಗಿ ಸೇರಿಸಲು ವೆಸ್ ತಾವೇ ಕೇಳಿದರು. ಅವರ ಜಾಗಕ್ಕೆ ತಂಡ ಬೇರೆ ಚಾಲಕನನ್ನು ತೆಗೆದುಕೊಂಡಿತು. ಜೂನ್‌ವರೆಗೆ ವೆಸ್ ಕೋಲ್ಕತ್ತದಲ್ಲೇ ಇದ್ದು ವ್ಯಾಯಾಮಕ್ಕೆ ಬರುತ್ತಿದ್ದರು. ಕಾಯುವ ಸಾಲಿನಲ್ಲಿ ಕೂರುತ್ತಿದ್ದರು, ಕೆಲವೊಮ್ಮೆ ತೂಕಡಿಸುತ್ತಿದ್ದರು. ಈಗ ತಮ್ಮೂರಿನ ಹತ್ತಿರ ಯುವ ಚಾಲಕರಿಗೆ ತರಬೇತಿ ಕೊಡುತ್ತಾರೆ. ಪೆಟ್ಟು ಬಿದ್ದರೆ ಮುಚ್ಚಿಡಬಾರದು ಎಂಬುದೇ ಅವರ ಮೊದಲ ಪಾಠವೆಂದು ಶರ್ಮಿಳಾ ಬರೆದಿದ್ದರು. ಎಲಿ ಮತ್ತೆ ರೇಸಿಗೆ ಇಳಿದಿದ್ದಾನೆ. ಇಬ್ಬರಿಗೂ ಇನ್ನೂ ಮಾತಿಲ್ಲ.

ಈ ಪ್ರಕರಣ ನನ್ನ ಕೆಲಸದ ಕ್ರಮವನ್ನೇ ಬದಲಿಸಿತು. ಮೊದಲೆಲ್ಲ ರೋಗಿ ಬಂದೊಡನೆ ಕನ್ನಡಕ ತೊಡಿಸಿ ಪರೀಕ್ಷೆ ಶುರು ಮಾಡುತ್ತಿದ್ದೆ. ಈಗ ಅದಕ್ಕೆ ಮುಂಚೆ, "ಈ ಪರೀಕ್ಷೆಯಿಂದ ನಿಮಗೆ ಯಾವ ಉತ್ತರ ಬರಬೇಕು ಅಂತ ಆಸೆ?" ಎಂದು ಕೇಳುತ್ತೇನೆ. ಹೆಚ್ಚಿನವರು ನಕ್ಕು, "ಏನೂ ಇಲ್ಲ ಅಂತ ಬಂದರೆ ಸಾಕು ಮೇಡಂ" ಎನ್ನುತ್ತಾರೆ. ಆಗೊಮ್ಮೆ ಈಗೊಮ್ಮೆ ಯಾರಾದರೂ ಉತ್ತರಿಸದೆ ಕೆಳಗೆ ನೋಡುತ್ತಾರೆ. ಆಗ ಕನ್ನಡಕವನ್ನು ಮೇಜಿನ ಮೇಲಿಟ್ಟು, ನನ್ನ ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಳ್ಳುತ್ತೇನೆ.